ಏರಿಲ್ಲದ ಊರಿನಲ್ಲಿ ಗಾಳಿಯೇ ಏರು: ಬೆಂಗ್ರೆಯಿಂದ ಕಾಪುವಿಗೆ ನಿಧಾನ ಸೈಕಲ್ ಸವಾರಿ

ಉಡುಪಿ ಬಳಿಯ ಮಲ್ಪೆಯಿಂದ ಬಡಗಿಗೆ ಹೋದರೆ ಕೋಡಿ ಬೆಂಗ್ರೆ, ತೆಂಕಿಗೆ ಹೋದರೆ ಮಟ್ಟು ದಾಟಿ ಕಾಪು. ಈ ಎರಡು ತುದಿಗಳ ನಡುವೆ ಸೈಕಲ್ ತುಳಿಯುವವರಿಗೆ ಏರು ಸಿಗುವುದು ಸೇತುವೆಗಳ ಮೇಲೆ ಮಾತ್ರ. ಉಳಿದದ್ದೆಲ್ಲ ಸಪಾಟು. ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ, ನಡುವೆ ಹೊಯಿಗೆಯ (ಮರಳಿನ) ಪಟ್ಟಿ, ಅದರ ಮೇಲೊಂದು ಕಿರಿದಾದ ಡಾಮರು ರಸ್ತೆ. ಹೊಳೆ ಕಡಲಿಗೆ ನೇರವಾಗಿ ಬೀಳದೆ ತೀರದ ಉದ್ದಕ್ಕೂ ಒಂದಿಷ್ಟು ದೂರ ಹರಿಯುವಾಗ ನಡುವೆ ಉಳಿಯುವ ನೆಲವೇ ಬೆಂಗ್ರೆ. ಹೂಡೆಯ ಹಿಂದೆ ಸ್ವರ್ಣಾ ನದಿ ಹಾಗೆ ಹರಿಯುತ್ತದೆ, ಪಡುಕೆರೆಯ ಹಿಂದೆ ಉದ್ಯಾವರ ಹೊಳೆ. ಮಂಗಳೂರಿನಲ್ಲಿ ಗುರುಪುರ ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆ ಹುಟ್ಟಿದ್ದೂ ಇದೇ ರೀತಿ.

ಸಪಾಟು ರಸ್ತೆಯೆಂದರೆ ಸುಲಭದ ರಸ್ತೆ ಎಂದುಕೊಂಡು ಬರುವವರು ಮಧ್ಯಾಹ್ನ ಎರಡು ಗಂಟೆಗೆ ಬಡಗು ಮುಖ ಮಾಡಿ ತುಳಿಯುತ್ತಾ ಸುಸ್ತಾಗಿ ಕೂರುತ್ತಾರೆ. ಸೈಕಲನ್ನು ಬೈಯುತ್ತಾರೆ, ಬಿಸಿಲನ್ನು ಬೈಯುತ್ತಾರೆ. ತಪ್ಪು ಇರುವುದು ಹೊರಟ ಹೊತ್ತಿನಲ್ಲಿ.

ಗಾಳಿಯ ಲೆಕ್ಕ

ಮಳೆಗಾಲ ಮುಗಿದ ಮೇಲೆ ಈ ತೀರದಲ್ಲಿ ದಿನಕ್ಕೆ ಎರಡು ಗಾಳಿ. ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ. ಹಾಗಾಗಿ ಬೆಳಗಿನ ಜಾವ ಮೂಡು ಗಾಳಿ ನೆಲದಿಂದ ಕಡಲಿನತ್ತ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿದಂತೆ ನೆಲ ಕಾಯುತ್ತದೆ, ಗಾಳಿ ತಿರುಗುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ಕಡಲಗಾಳಿ ಶುರು. ಅದು ನೇರ ಪಡುವಣದಿಂದ ಬಂದರೆ ಚಿಂತೆಯಿಲ್ಲ, ಪಕ್ಕಕ್ಕೆ ತಾಗುತ್ತದೆ ಅಷ್ಟೆ. ಆದರೆ ಇಲ್ಲಿ ಅದು ಹೆಚ್ಚಾಗಿ ಬಡಗು-ಪಡುವಿನ ಮೂಲೆಯಿಂದ ಬೀಸುತ್ತದೆ, ಮಧ್ಯಾಹ್ನದ ನಂತರ ಜೋರಾಗುತ್ತದೆ, ಸೂರ್ಯ ಮುಳುಗುವಾಗ ಸೋಲುತ್ತದೆ.

ಆದ್ದರಿಂದ ನಿಯಮ ಒಂದೇ: ಬೆಳಿಗ್ಗೆ ಬಡಗಿಗೆ, ಮಧ್ಯಾಹ್ನದ ನಂತರ ತೆಂಕಿಗೆ. ಇದನ್ನು ತಿರುಗಿಸಿದರೆ ಅದೇ ದೂರಕ್ಕೆ ಎರಡರಷ್ಟು ಬೆವರು. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವಾಗ ಎದುರಿನಿಂದ ಗಂಟೆಗೆ 15 ಕಿ.ಮೀ. ಗಾಳಿ ಬಂದರೆ ನಿಮ್ಮ ಎದೆಗೆ ತಾಗುವುದು 30 ಕಿ.ಮೀ. ವೇಗದ ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಘಾಟಿ ಏರಿಗೆ ಒಂದು ತುದಿಯಾದರೂ ಇದೆ, ಎದುರುಗಾಳಿಗೆ ಅದೂ ಇಲ್ಲ.

ಗಾಳಿ ನೋಡಲು ಮೊಬೈಲ್ ಬೇಡ. ತೆಂಗಿನ ಗರಿಗಳು ನೇರ ಕೆಳಗೆ ಜೋತಿದ್ದರೆ ಬೆಳಗಿನ ಹೊತ್ತು ಇನ್ನೂ ಉಳಿದಿದೆ. ಎಲ್ಲ ಗರಿಗಳೂ ಒಂದೇ ಮಗ್ಗುಲಿಗೆ ಬಾಚಿದಂತೆ ತಿರುಗಿದ್ದರೆ ಕಡಲಗಾಳಿ ಬಂತು. ದೋಣಿಗಳ ಮೇಲಿನ ಬಾವುಟವೂ ಅದನ್ನೇ ಹೇಳುತ್ತದೆ.

ಯಾವಾಗ

ನವೆಂಬರ್‌ನಿಂದ ಫೆಬ್ರವರಿ. ಅಕ್ಟೋಬರ್‌ನಲ್ಲಿ ಸಂಜೆ ಗುಡುಗು ಮಳೆ ಬರಬಹುದು. ಬೆಂಗ್ರೆಯಂಥ ಬಯಲಿನಲ್ಲಿ ಸಿಡಿಲು ಆಟವಲ್ಲ, ತೆಂಗಿನ ಮರದ ಬುಡದಲ್ಲಂತೂ ನಿಲ್ಲಲೇಬಾರದು. ಮಾರ್ಚ್ ಕಳೆದರೆ ಬೆವರು ಆರುವುದೇ ಇಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಮುಗಿಸುವುದಾದರೆ ಮಾತ್ರ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್ ಬೇಡ. ಮಳೆಗೆ ಹೆದರಿ ಹೇಳುವ ಮಾತಲ್ಲ. ಆಗ ಕಡಲ್ಕೊರೆತಕ್ಕೆ ತೀರದ ರಸ್ತೆಯ ಅಂಚು ಕುಸಿದಿರುತ್ತದೆ, ತಡೆಗೋಡೆ ಹಾರಿ ಬಂದ ಅಲೆಯ ನೀರು ರಸ್ತೆಯ ಮೇಲೆ ಉಪ್ಪನ್ನೂ ಹೊಯಿಗೆಯನ್ನೂ ಸುರಿದು ಹೋಗಿರುತ್ತದೆ.

ಭಾನುವಾರ ಮಲ್ಪೆ ಬೀಚಿನ ಸುತ್ತ ಕಾರುಗಳ ಜಾತ್ರೆ, ವಾರದ ದಿನವೇ ಲೇಸು. ಭರತ-ಇಳಿತದ ಹೊತ್ತನ್ನು ಮೊದಲೇ ನೋಡಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ ಏರಿ ಇಳಿಯುವ ನೀರು ಮಾರನೆ ದಿನ ಸುಮಾರು 50 ನಿಮಿಷ ತಡವಾಗಿ ಅದೇ ಮಟ್ಟಕ್ಕೆ ಬರುತ್ತದೆ. ಇಳಿತದಲ್ಲಿ ಹೊಳೆಬದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರೂ ಕೆಸರೂ ತೆರೆದುಕೊಳ್ಳುತ್ತವೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಟಿಟ್ಟಿಭ ಎಲ್ಲ ಊಟಕ್ಕೆ ಇಳಿಯುವುದು ಆಗಲೇ. ಭರತದಲ್ಲಿ ಹೋದವರಿಗೆ ಕಾಣುವುದು ಹಸಿರು ತಲೆಗಳು ಮತ್ತು ನೀರು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತದ ಅಂತರ ಹೆಚ್ಚು, ಹೊಳೆಬದಿಯ ತಗ್ಗು ದಾರಿಗಳಲ್ಲಿ ಉಪ್ಪುನೀರು ನಿಂತಿರಬಹುದು. ಅದರೊಳಗೆ ಸೈಕಲ್ ಓಡಿಸಬೇಡಿ. ಹಬ್‌ನ ಒಳಗೆ ಹೊಕ್ಕ ಉಪ್ಪುನೀರು ಬೇರಿಂಗ್ ತಿನ್ನುತ್ತದೆ, ನಿಮಗೆ ಗೊತ್ತಾಗುವುದು ತಿಂಗಳ ನಂತರ.

ದಾರಿ

ಬೆಳಿಗ್ಗೆ ಆರೂವರೆಗೆ ಮಲ್ಪೆಯ ವಡಭಾಂಡೇಶ್ವರದಿಂದ ಹೊರಡಿ. ತೊಟ್ಟಂ ದಾಟಿ ಹೂಡೆ, ಹೂಡೆಯಿಂದ ಕೋಡಿ ಬೆಂಗ್ರೆ. ಒಟ್ಟು ಹನ್ನೆರಡು, ಹದಿಮೂರು ಕಿಲೋಮೀಟರ್ ಅಂದುಕೊಳ್ಳಿ. ನಿಲ್ಲದೆ ಹೋದರೆ ಒಂದು ಗಂಟೆಯೂ ಬೇಡ. ಆದರೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಹೂಡೆ ದಾಟಿದ ಮೇಲೆ ಪಟ್ಟಿ ಕಿರಿದಾಗುತ್ತಾ ಹೋಗುತ್ತದೆ. ಬಲಕ್ಕೆ ಸ್ವರ್ಣೆಯ ಹಿನ್ನೀರು, ಎಡಕ್ಕೆ ಗಾಳಿಮರಗಳ ಸಂದಿಯಲ್ಲಿ ಕಡಲು. ತುದಿಯಲ್ಲಿ ಸ್ವರ್ಣಾ, ಸೀತಾ ನದಿಗಳು ಸೇರಿ ಕಡಲಿಗೆ ಬೀಳುವ ಅಳಿವೆ. ಅಳಿವೆ ಬಾಗಿಲಲ್ಲಿ ನೀರಿಗಿಳಿಯಬೇಡಿ, ಇಳಿತದ ಹೊತ್ತಿನಲ್ಲಿ ಹೊಳೆ ಕಡಲಿಗೆ ಎಳೆಯುವ ಸೆಳೆತಕ್ಕೆ ಈಜು ಬಲ್ಲವರೂ ಸೋಲುತ್ತಾರೆ.

ತುದಿಯಿಂದ ಹಂಗಾರಕಟ್ಟೆಗೆ ಹೊಳೆ ದಾಟಿಸುವ ವ್ಯವಸ್ಥೆ ಇದೆ. ಅದರ ಸಮಯ ನೀರು, ಮಳೆ, ರಿಪೇರಿ ನೋಡಿಕೊಂಡು ಬದಲಾಗುತ್ತದೆ. ಅದನ್ನು ನಂಬಿ ದಿನದ ಯೋಜನೆ ಹಾಕುವವರು ಹೂಡೆಯ ಅಂಗಡಿಗಳಲ್ಲೇ ವಿಚಾರಿಸಿ ಮುಂದೆ ಹೋಗಿ, ಇಲ್ಲದಿದ್ದರೆ ತುದಿಯಿಂದ ವಾಪಸ್ ಬರುವುದೇ ದಾರಿ. ದಾಟುವುದಾದರೆ ಚೀಲಗಳನ್ನು ಮೊದಲು ಕಳಚಿ ಒಳಗಿಡಿ, ಆಮೇಲೆ ಸೈಕಲ್. ತುಂಬಿದ ಚೀಲದ ಸೈಕಲ್ ಎತ್ತುವಾಗ ಹಿಂಭಾರಕ್ಕೆ ತಿರುಗಿ ನೀರಿಗೆ ಬೀಳುವುದೇ ಹೆಚ್ಚು. ದೋಣಿಯಲ್ಲಿ ಚೈನ್ ಇರುವ ಬಲ ಮಗ್ಗುಲು ಮೇಲಿರಲಿ.

ಹೊಳೆ ದಾಟದವರು ಬೆಂಗ್ರೆಯಿಂದ ಹೂಡೆಗೆ ಬಂದು ಮೂಡಕ್ಕೆ ತಿರುಗಿ ಕೆಮ್ಮಣ್ಣಿಗೆ ಹೋಗಿ. ಅಲ್ಲಿಂದ ತಿಮ್ಮಣ್ಣ ಕುದ್ರುವಿಗೆ ತೂಗುಸೇತುವೆ ಇದೆ. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಇಳಿದು, ಸೈಕಲನ್ನು ಒಂದು ಬದಿಗೆ ಹಿಡಿದು ದೂಡಿಕೊಂಡು ಹೋಗಿ. ಎದುರಿನವರು ದಾಟುವವರೆಗೆ ಈಚೆ ಕಾಯಿರಿ. ಕುದ್ರುಗಳ ಒಳದಾರಿಗಳು ಮನೆಗಳ ಅಂಗಳವನ್ನು ಸವರಿಕೊಂಡೇ ಹೋಗುತ್ತವೆ. ಯಾರಾದರೂ ಕಂಡರೆ ನಿಂತು ಕೇಳಿ ಮುಂದೆ ಹೋಗುವುದು ಇಲ್ಲಿನ ಮರ್ಯಾದೆ. ತೋಡುಗಳನ್ನು (ಸಣ್ಣ ಹಳ್ಳಗಳನ್ನು) ದಾಟಲು ಕಾಲುಸಂಕಗಳೇ, ಅಂದರೆ ಕಿರುಸೇತುವೆಗಳೇ ಗತಿ. ಸಂಕದ ಅಗಲ ನಿಮ್ಮ ಹ್ಯಾಂಡಲಿಗಿಂತ ಕಿರಿದಾಗಿದ್ದರೆ ಸೈಕಲನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಹ್ಯಾಂಡಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ದೂಡಿಕೊಂಡು ದಾಟಿ. ಹೆಗಲ ಮೇಲೆ ಹೊತ್ತರೆ ಗಾಳಿಗೆ ಚಕ್ರ ತಿರುಗಿ ತೂಕ ತಪ್ಪುತ್ತದೆ.

ಹನ್ನೊಂದರಿಂದ ಮೂರರವರೆಗೆ ತುಳಿಯಬೇಡಿ. ಊಟ, ನಿದ್ದೆ, ನೆರಳು. ಸೈಂಟ್ ಮೇರೀಸ್ ದ್ವೀಪವನ್ನು ಈ ನಡುವಿನ ಹೊತ್ತಿಗೆ ತುರುಕುವ ಆಸೆ ಹಲವರಿಗೆ ಬರುತ್ತದೆ. ಅದಕ್ಕೆ ಬೇರೆ ದಿನ ಇಡಿ, ಬೋಟಿನಿಂದ ಇಳಿಯುವಾಗ ಬಿಸಿಲು ನಿಮ್ಮನ್ನು ಹಿಂಡಿ ಹಾಕಿರುತ್ತದೆ.

ಮೂರು ಗಂಟೆಗೆ ತೆಂಕು ಮುಖ. ಮಲ್ಪೆ ಬಂದರಿನ ಬದಿಯ ಸೇತುವೆ ಏರಿ ಪಡುಕೆರೆಗೆ ಇಳಿಯಿರಿ. ಪಡುಕೆರೆ ಎಂದಷ್ಟೇ ಕೇಳಬೇಡಿ, ಕೋಟದ ಕಡೆಯೂ ಒಂದು ಪಡುಕೆರೆ ಇದೆ. ಪಡುಕೆರೆಯಿಂದ ಮಟ್ಟುವಿನವರೆಗೆ ಒಂದೇ ರಸ್ತೆ, ದಾರಿ ತಪ್ಪಲು ಜಾಗವೇ ಇಲ್ಲ. ಮಟ್ಟುವಿನ ಗದ್ದೆಗಳಲ್ಲಿ ಬೆಳೆಯುವುದು ಮಟ್ಟು ಗುಳ್ಳ ಎಂಬ ಬದನೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂಬ ನಂಬಿಕೆ ಇಲ್ಲಿಯದು, ಭೌಗೋಳಿಕ ಸೂಚಕ ಸಿಕ್ಕಿದ್ದು 2011ರಲ್ಲಿ. ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಕಟ್ಟಗಳ ಮೇಲೆ ಸೈಕಲ್ ಹತ್ತಿಸಬೇಡಿ, ಮಣ್ಣು ಜರಿದರೆ ಒಂದು ಬೆಳೆಯೇ ಹೋಗುತ್ತದೆ. ಮಟ್ಟುವಿನಿಂದ ಮುಂದೆ ಕೈಪುಂಜಾಲು, ಆಮೇಲೆ ಕಾಪು. 1901ರ ದೀಪಸ್ತಂಭದ ಬಂಡೆಯ ಬಳಿ ಸೂರ್ಯ ಮುಳುಗುವುದಕ್ಕೆ ಸರಿಯಾಗಿ ತಲುಪಬಹುದು.

ರಾತ್ರಿ ಕಾಪುವಿನಲ್ಲೇ ಉಳಿಯಿರಿ. ಬೆಳಿಗ್ಗೆ ಅದೇ ರಸ್ತೆಯಲ್ಲಿ ಬಡಗಿಗೆ ಹಿಂದಿರುಗಿದರೆ ಗಾಳಿ ನಿಮ್ಮ ತಂಟೆಗೆ ಬರುವುದಿಲ್ಲ. ಸಂಜೆಯೇ ಉಡುಪಿಗೆ ಮುಟ್ಟಬೇಕೆಂದು ಹೆದ್ದಾರಿ 66ಕ್ಕೆ ಹತ್ತುವುದು ಈ ಇಡೀ ಸವಾರಿಯ ಅತ್ಯಂತ ಕೆಟ್ಟ ನಿರ್ಧಾರ. ಕತ್ತಲು, ಎದುರುದಿಕ್ಕಿನಲ್ಲಿ ನುಗ್ಗುವ ಬೈಕುಗಳು, ಮೀನಿನ ಲಾರಿಗಳು, ಎಲ್ಲ ಒಟ್ಟಿಗೇ ಸಿಗುತ್ತವೆ.

ರಸ್ತೆಯಲ್ಲಿ ಕೈಕೊಡುವ ಸಂಗತಿಗಳು

ಮೊದಲನೆಯದು ಮೀನಿನ ನೀರು. ಬಂದರಿನಿಂದ ಹೊರಟ ಲಾರಿಗಳಿಂದ ಸುರಿಯುವ ಈ ನೀರಿನಲ್ಲಿ ಉಪ್ಪು, ಕೊಬ್ಬು ಎರಡೂ ಇರುತ್ತವೆ. ತಿರುವಿನಲ್ಲಿ ಇದರ ಮೇಲೆ ಬ್ರೇಕ್ ಒತ್ತಿದರೆ ಚಕ್ರ ಜಾರುವುದು ಖಂಡಿತ. ರಸ್ತೆ ಕಪ್ಪಾಗಿ ಹೊಳೆಯುತ್ತಿದ್ದರೆ ನೇರ ಹೋಗಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ.

ಎರಡನೆಯದು ತಂಗೂಸಿ, ಅಂದರೆ ನೈಲಾನ್ ನೂಲು. ಬಲೆಯಿಂದ ಕಡಿದು ಬಿದ್ದ ಈ ನೂಲು ರಸ್ತೆಬದಿಯ ಹೊಯಿಗೆಯಲ್ಲಿ ಕಾಣುವುದೇ ಇಲ್ಲ. ಹಿಂದಿನ ಚಕ್ರಕ್ಕೆ ಸಿಕ್ಕಿದರೆ ಹಲ್ಲುಚಕ್ರಕ್ಕೂ ಅಚ್ಚಿಗೂ ನಡುವೆ ಸುತ್ತಿಕೊಂಡು ಬಿಗಿಯುತ್ತದೆ. ತುಳಿತ ಸುಮ್ಮನೆ ಭಾರವಾದರೆ, ಗೇರ್ ತನ್ನಷ್ಟಕ್ಕೆ ಜಿಗಿದರೆ ಕೂಡಲೇ ನಿಲ್ಲಿ. ಹಿಂದಕ್ಕೆ ತುಳಿದು ಬಿಡಿಸಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಚಕ್ರ ಬಿಚ್ಚಿ, ಸಣ್ಣ ಕತ್ತರಿಯಿಂದ ತುಂಡು ತುಂಡಾಗಿ ಕತ್ತರಿಸಿ ಎಳೆಯಿರಿ. ಬಿಟ್ಟರೆ ಅದು ಹಬ್‌ನ ರಬ್ಬರ್ ಸೀಲನ್ನು ಕೊಯ್ಯುತ್ತದೆ, ಆಮೇಲೆ ಹೊಯಿಗೆಗೆ ಬಾಗಿಲು ತೆರೆದಂತೆ.

ಮೂರನೆಯದು ಮರುವಾಯಿ (ಕಪ್ಪೆಚಿಪ್ಪು) ಚೂರು. ಮುಳ್ಳಿನಂತೆ ಚುಚ್ಚುವುದಿಲ್ಲ, ಕೊಯ್ಯುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿದರೆ ಸಾಲದು, ಟಯರಿನ ಸೀಳಿನಿಂದ ಟ್ಯೂಬ್ ಹೊರಗೆ ಉಬ್ಬಿ ಮತ್ತೆ ಒಡೆಯುತ್ತದೆ. ಟಯರಿನ ಒಳಮೈಗೆ ಹಳೆ ಟಯರಿನ ತುಂಡೊಂದನ್ನು ಅಡ್ಡ ಇಡಿ. ಅದಿಲ್ಲದಿದ್ದರೆ ನಾಲ್ಕಾಗಿ ಮಡಚಿದ ಹಾಲಿನ ತೊಟ್ಟೆಯೂ ಊರು ಮುಟ್ಟಿಸುತ್ತದೆ. ಪ್ಯಾಚ್ ಹಾಕುವಾಗ ಇಲ್ಲಿ ಎಲ್ಲರೂ ಮಾಡುವ ತಪ್ಪು ಅವಸರ. ಈ ತೇವದ ಹವೆಯಲ್ಲಿ ಸೊಲ್ಯೂಷನ್ ಬೇಗ ಆರುವುದಿಲ್ಲ. ತೆಳ್ಳಗೆ ಸವರಿ, ಹೊಳಪು ಹೋಗಿ ಮಂಕಾಗುವವರೆಗೆ ಕಾಯಿರಿ, ಐದು ನಿಮಿಷವಾದರೂ ಬೇಕು. ಬೆವರಿನ ಬೆರಳು ಅದರ ಮೇಲೆ ತಾಗಬಾರದು. ಟ್ಯೂಬ್ ಒಳಗೆ ಸೇರಿಸುವ ಮೊದಲು ಟಯರಿನ ಒಳಗೆ ಬಟ್ಟೆಯಿಂದ ಒರೆಸಿ. ಉಳಿದ ಹೊಯಿಗೆ ಕಾಳು ಒಳಗಿನಿಂದಲೇ ಟ್ಯೂಬನ್ನು ತೇಯುತ್ತದೆ.

ರಸ್ತೆಗೆ ಅಡ್ಡಲಾಗಿ ಹೊಯಿಗೆ ಬಿದ್ದಿದ್ದರೆ: ಅದರ ಮೇಲೆ ಹೋಗುವ ಮೊದಲೇ ಹಗುರ ಗೇರಿಗೆ ಬನ್ನಿ, ಸೀಟಿನಲ್ಲಿ ತುಸು ಹಿಂದೆ ಸರಿಯಿರಿ, ಹ್ಯಾಂಡಲನ್ನು ಸಡಿಲವಾಗಿ ನೇರ ಹಿಡಿದು ತುಳಿಯುತ್ತಲೇ ಇರಿ. ಮುಂದಿನ ಬ್ರೇಕ್ ಮುಟ್ಟಬೇಡಿ. ಟಯರಿನ ಅರ್ಧಕ್ಕಿಂತ ಹೆಚ್ಚು ಹೂತರೆ ಇಳಿದು ದೂಡಿ.

ಬೀಚಿನ ಮೇಲೆ ಓಡಿಸಬಹುದೇ? ಇಳಿತದಲ್ಲಿ ಒದ್ದೆ ಹೊಯಿಗೆ ಸಿಮೆಂಟಿನಂತೆ ಗಟ್ಟಿ, ಓಡಿಸಬಹುದು. ಓಡಿಸದಿರುವುದೇ ಒಳ್ಳೆಯದು, ಉಪ್ಪುನೀರೂ ಹೊಯಿಗೆಯೂ ಚೈನನ್ನು ತಿನ್ನುತ್ತವೆ. ಒಂದು ಫೋಟೋಗೆ ಒಂದು ಚೈನಿನ ಬೆಲೆ ಹೆಚ್ಚಾಯಿತು. ಕೈರಂಪಣಿ (ದಡದಿಂದ ಕೈಯಲ್ಲೇ ಎಳೆಯುವ ಬಲೆ) ಎಳೆಯುವಲ್ಲಿ ಹಗ್ಗ ದಾಟಬೇಡಿ, ಒಣಗಲು ಹಾಸಿದ ಬಲೆಯ ಮೇಲೆ ಚಕ್ರ ಹತ್ತಿಸಬೇಡಿ.

ಇನ್ನು ಬಸ್ಸು. ಕಿರಿದಾದ ರಸ್ತೆಯಲ್ಲಿ ಹಾರ್ನ್ ಕೇಳಿದ ಕೂಡಲೇ ಡಾಮರಿನ ಅಂಚಿನಿಂದ ಕೆಳಗೆ ಇಳಿಸುವುದು ಅಪಾಯ. ಅಂಚು ಮೂರ್ನಾಲ್ಕು ಇಂಚು ಎತ್ತರ ಇದ್ದಲ್ಲಿ ಮತ್ತೆ ಹತ್ತಿಸುವಾಗ ಚಕ್ರ ಉಜ್ಜಿ ಬೀಳುತ್ತೀರಿ. ಮೊದಲು ವೇಗ ಇಳಿಸಿ, ನಿಂತು, ಕಾಲೂರಿ, ಆಮೇಲೆ ಸೈಕಲ್ ಬದಿಗೆ ಸರಿಸಿ.

ಸೈಕಲ್

ದುಬಾರಿ ಸೈಕಲ್ ಬೇಡ. ಗೇರ್ ಇಲ್ಲದ್ದೂ ನಡೆಯುತ್ತದೆ, ಹಲ್ಲಿನ ಲೆಕ್ಕ ಸರಿಯಿದ್ದರೆ. ಮುಂದೆ 44, ಹಿಂದೆ 20 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 4.7 ಮೀಟರ್ ಸಾಗುತ್ತೀರಿ. ನಿಮಿಷಕ್ಕೆ 50 ಸುತ್ತು ತುಳಿದರೆ ಗಂಟೆಗೆ 14 ಕಿ.ಮೀ. ನಿಧಾನ ಸವಾರಿಗೆ ಇದಕ್ಕಿಂತ ಬೇಕಿಲ್ಲ. ಹಿಂದೆ 16 ಹಲ್ಲಿನದ್ದಿದ್ದರೆ ಎದುರುಗಾಳಿಯಲ್ಲಿ ಮೊಣಕಾಲು ದೂರು ಹೇಳುತ್ತದೆ, ಫ್ರೀವೀಲ್ ಬದಲಿಸಿಕೊಳ್ಳಿ.

ಟಯರ್ 38ರಿಂದ 42 ಮಿ.ಮೀ. ಅಗಲ. ಎಪ್ಪತ್ತು ಕೆ.ಜಿ.ಯವರಿಗೆ ಸಣ್ಣ ಸಾಮಾನಿನೊಂದಿಗೆ ಮುಂದೆ 40, ಹಿಂದೆ 50 ಪಿಎಸ್‌ಐ ಸಾಕು. ಗಟ್ಟಿ ಗಾಳಿ ತುಂಬಿದರೆ ಇಂಟರ್‌ಲಾಕ್ ಹಾಸಿದ ದಾರಿಯಲ್ಲಿ ಕೈ ಜೋಮು ಹಿಡಿಯುತ್ತದೆ, ಹೊಯಿಗೆಯಲ್ಲಿ ಚಕ್ರ ಹೂಳುತ್ತದೆ. ಉದ್ದದ ಹೊಯಿಗೆ ದಾರಿ ಸಿಕ್ಕಿದರೆ 30ಕ್ಕೆ ಇಳಿಸಿ, ಡಾಮರಿಗೆ ಬಂದ ಕೂಡಲೇ ಮತ್ತೆ ಪಂಪ್ ಮಾಡಿ. ಮರೆತರೆ ಮೊದಲ ಹೊಂಡದಲ್ಲೇ ರಿಮ್ ತಾಗಿ ಟ್ಯೂಬಿಗೆ ಜೋಡಿ ತೂತು. ಸಪೂರ ಮೂತಿಯ ವಾಲ್ವ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿ ಹಿಡಿಯುವುದಿಲ್ಲ, ಸಣ್ಣ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಕೊಳ್ಳಿ.

ಸಾಮಾನು ಎಂಟು ಕೆ.ಜಿ. ದಾಟಬಾರದು, ಬೆನ್ನಿಗೆ ಏನೂ ಬೇಡ. ಬೆನ್ನುಚೀಲ ಹಾಕಿದರೆ ಬೆವರು ಆರಲು ಜಾಗವೇ ಉಳಿಯುವುದಿಲ್ಲ. ಹಿಂದಿನ ಕ್ಯಾರಿಯರಿನಲ್ಲಿ, ಚಕ್ರದ ಅಚ್ಚಿಗೆ ಹತ್ತಿರವಾಗಿ, ಎರಡೂ ಬದಿಗೆ ಸಮವಾಗಿ. ಜೊತೆಗೆ ಎರಡು ಟ್ಯೂಬ್, ಪ್ಯಾಚ್, ಲಿವರ್, ಪಂಪ್, 4-5-6 ಅಲೆನ್ ಕೀ, ಕತ್ತರಿ, ಚೈನಿಗೆ ಹೊಂದುವ ಒಂದು ಕೊಂಡಿ, ಹಳೆ ಬನಿಯನ್ ಬಟ್ಟೆ. ಸೀಟಿನ ಎತ್ತರಕ್ಕೆ ಹಿಮ್ಮಡಿ ಲೆಕ್ಕ: ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಮುಂಗಾಲಿನಲ್ಲಿ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ.

ಹೊಟ್ಟೆ

ಗಂಟೆಗೆ ಮುಕ್ಕಾಲು ಲೀಟರ್ ನೀರು. ಬಾಯಾರಿಕೆಗೆ ಕಾಯಬೇಡಿ. ಬರೀ ನೀರು ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ, ತಲೆನೋವು, ಕಾಲು ಹಿಡಿತ ಶುರುವಾಗುತ್ತದೆ. ಇದಕ್ಕೆ ಪುಡಿಯ ಪೊಟ್ಟಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಧ್ಯಾಹ್ನ ಗಂಜಿ ಊಟ, ಉಪ್ಪಿನಕಾಯಿ, ಒಂದು ಚಟ್ನಿ: ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ, ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ಪುನರ್ಪುಳಿಯೋ ಇರಲಿ. ಬೆಳಿಗ್ಗೆ ಹೊರಡುವ ಮೊದಲು ಎರಡು ಬನ್ಸ್ ಸಾಕು. ಗೋಳಿಬಜೆಯನ್ನು ಸವಾರಿ ಮುಗಿದ ಮೇಲೆ ತಿನ್ನಿ.

ಮನೆಗೆ ಬಂದ ಮೇಲೆ

ಕಡಲಬದಿ ಸೈಕಲ್‌ಗಳು ಸಾಯುವುದು ದಾರಿಯಲ್ಲಲ್ಲ, ಮಾರನೆ ದಿನ ಗೋಡೆಗೆ ಒರಗಿಸಿಟ್ಟಲ್ಲಿ. ಉಪ್ಪು ಹವೆಯಿಂದ ನೀರು ಹೀರುತ್ತದೆ, ಒಣಗಿದಂತೆ ಕಂಡರೂ ರಾತ್ರಿಯಿಡೀ ಕಬ್ಬಿಣ ಒದ್ದೆಯಾಗಿಯೇ ಇರುತ್ತದೆ. ಆ ದಿನವೇ, ಎಷ್ಟೇ ಸುಸ್ತಾಗಿದ್ದರೂ, ಎರಡು ಬಕೆಟ್ ಸಿಹಿನೀರನ್ನು ಚೊಂಬಿನಿಂದ ಮೇಲಿನಿಂದ ಕೆಳಗೆ ಸುರಿಯಿರಿ. ಬೈಕ್ ತೊಳೆಯುವ ಜೋರು ಪೈಪ್ ಬೇಡ, ಅದು ಉಪ್ಪನ್ನು ಬೇರಿಂಗಿನ ಒಳಕ್ಕೇ ತಳ್ಳುತ್ತದೆ. ಒರೆಸಿ, ಅರ್ಧ ಗಂಟೆ ಗಾಳಿಗಿಟ್ಟು, ಚೈನಿನ ಪ್ರತಿ ಕೊಂಡಿಯ ಉರುಳೆಗೆ ಒಂದೊಂದು ಹನಿ ಚೈನ್ ಎಣ್ಣೆ ಬಿಡಿ. ಪೆಡಲನ್ನು ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ, ಹೊರಮೈಯ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಹೊರಗೆ ಉಳಿದ ಎಣ್ಣೆ ಹೊಯಿಗೆಯನ್ನು ಹಿಡಿದು ಅರದಂತೆ ತೇಯುತ್ತದೆ. ತೆಂಗಿನೆಣ್ಣೆ ತಲೆಗೆ ಒಳ್ಳೆಯದು, ಚೈನಿಗಲ್ಲ. ಡಿಸೆಂಬರ್ ಬೆಳಿಗ್ಗೆ ಹೆಪ್ಪುಗಟ್ಟಿದ್ದನ್ನು ಬಾಟಲಿಯಲ್ಲೇ ಕಂಡಿರುತ್ತೀರಿ.

ಬ್ರೇಕ್ ರಬ್ಬರುಗಳನ್ನು ಬಿಚ್ಚಿ ನೋಡಿ, ಹೊಕ್ಕ ಹೊಯಿಗೆ ಕಾಳುಗಳನ್ನು ಸೂಜಿಯಿಂದ ಕಿತ್ತು ಹಾಕಿ. ತಿಂಗಳಿಗೊಮ್ಮೆ ಸೀಟಿನ ಕಂಬವನ್ನು ಹೊರಗೆಳೆದು ಗ್ರೀಸ್ ಹಚ್ಚಿ ಮತ್ತೆ ಹಾಕಿ. ಕಬ್ಬಿಣದ ಚೌಕಟ್ಟಿನೊಳಗೆ ಅಲ್ಯುಮಿನಿಯಂ ಕಂಬ ಇದ್ದರೆ, ನಡುವೆ ಉಪ್ಪುನೀರು ಸೇರಿ ಎರಡೂ ಕಚ್ಚಿಕೊಳ್ಳುತ್ತವೆ. ಒಂದು ಮಳೆಗಾಲ ಬಿಟ್ಟರೆ ಆಮೇಲೆ ಗರಗಸವೇ ಬೇಕಾಗುತ್ತದೆ.